ಮಂಡಕ್ಕಿ ಭಟ್ಟಿಯಲ್ಲಿ ದೋಣಿ ಹುರಿದದ್ದು

ಹೊಟ್ಟೆಕಿಚ್ಚಿಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ, ನಮ್ಮ ಹರಿಹರದ ಮನೆಯಲ್ಲಿ ಫಲಕ ತೂಗುಹಾಕಲು ಗೋಡೆ ಸಾಲುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿಗೇ ನಾನು ಆ ವಿದ್ಯೆಯಲ್ಲಿ ಪಳಗಿದ್ದೆ. ಓಣಿಯ ಉಳಿದ ಹುಡುಗರು ಒಬ್ಬರ ಸೈಕಲ್ಲು, ಇನ್ನೊಬ್ಬರ ಹೊಸ ಅಂಗಿ ನೋಡಿ ಉರಿದುಕೊಳ್ಳುತ್ತಿದ್ದರು. ನನಗೆ ಅಂಥ ಚಿಲ್ಲರೆ ಕಿಚ್ಚಿನಲ್ಲಿ ಆಸಕ್ತಿಯಿರಲಿಲ್ಲ. ನನ್ನದೆಲ್ಲ ಒಂದೇ ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ. ಕಬ್ಬಿಣವನ್ನು ಕಚ್ಚಿ ಹಿಡಿಯುವ ಅಪ್ಪನ ವೈಸಿನ ಎಡಗಡೆ ಆ ಪೆಟ್ಟಿಗೆ ಇತ್ತು. ಅದರ ಮೇಲೆ ನನ್ನ ಅಕ್ಕ ಗಿರಿಜ ಕೂರುತ್ತಿದ್ದಳು. ಅಲ್ಲಿ ಕೂತವರಿಗೆ ಅಪ್ಪನ ಮಾತು, ಅಪ್ಪನ ನಗು, ಅಪ್ಪನ ಚಹಾದ ಉಳಿದರ್ಧ ಸಿಗುತ್ತಿತ್ತು. ಉಳಿದವರಿಗೆ ಅಪ್ಪನ ಬೆನ್ನು.

ನಮ್ಮ ಮನೆ ಹೊಳೆಗೆ ಇಳಿಯುವ ಓಣಿಯಲ್ಲಿತ್ತು. ಮುಂದಿನ ಅರ್ಧ ವರ್ಕ್‌ಶಾಪು, ಹಿಂದಿನ ಅರ್ಧ ಸಂಸಾರ. ಅಪ್ಪ ಆಯಿಲ್ ಎಂಜಿನ್ನು, ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದ. ಅವ್ವ ಎಷ್ಟು ಗುಡಿಸಿದರೂ ಅರ ಉಜ್ಜಿದ ಕಬ್ಬಿಣದ ಪುಡಿ ಅಡಿಗೆಮನೆಗೆ ಬರುತ್ತಿತ್ತು. ಅವಳ ಒಗ್ಗರಣೆ ವಾಸನೆ ವರ್ಕ್‌ಶಾಪಿಗೆ ಹೋಗುತ್ತಿತ್ತು. ಪಂಪು ಹೊತ್ತು ತಂದ ರೈತರು “ಇವತ್ತು ಮಡಿಕೆಕಾಳು ಪಲ್ಯ ಏನ್ರಿ?” ಎಂದು ಕೇಳಿ, ಹೌದೆಂದರೆ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಅಪ್ಪ ಎಷ್ಟು ಕೈ ತೊಳೆದರೂ ರೊಟ್ಟಿ ಮುರಿಯುವಾಗ ಅದರ ಮೇಲೆ ಕರಿ ಬೆರಳಿನ ಗುರುತು ಬೀಳುತ್ತಿತ್ತು. ಅವ್ವನಿಗೆ ಅದನ್ನು ಕಂಡರಾಗುತ್ತಿರಲಿಲ್ಲ.

“ಏನ್ರಿ, ರೊಟ್ಟಿಗೆ ಹೆಬ್ಬೆಟ್ಟು ಒತ್ತೀರಲ್ಲ, ಯಾವ ಕೋರ್ಟಿಗೆ ಕಳಿಸ್ಬೇಕು ಇದನ್ನ?”

“ಎಣ್ಣೆ ಕಣೇ ಅದು. ತುಪ್ಪ ಬ್ಯಾರೆ ಹಾಕಬ್ಯಾಡ, ಉಳೀತು ನಿನಗೆ.”

ಗಿರಿಜಕ್ಕನ ರೊಟ್ಟಿಯ ಮೇಲೂ ಅದೇ ಗುರುತು. ನನ್ನ ರೊಟ್ಟಿ ಮಾತ್ರ ಬೆಳ್ಳಗೆ, ಶಾನುಭೋಗರ ಮನೆಯ ರೊಟ್ಟಿಯ ಹಾಗೆ. ಆ ಬಿಳುಪು ನನಗೆ ದೊಡ್ಡ ಅವಮಾನವಾಗಿತ್ತು. ಒಂದು ದಿನ ಒಲೆಯ ಮಸಿಯನ್ನು ಐದೂ ಬೆರಳಿಗೆ ಹಚ್ಚಿಕೊಂಡು ಅಪ್ಪನ ಎದುರು ಊಟಕ್ಕೆ ಕೂತೆ. ಅಪ್ಪ ನೋಡಲೇ ಇಲ್ಲ. ಅವ್ವ ನೋಡಿದಳು, ಕಿವಿ ಹಿಡಿದು ಎಬ್ಬಿಸಿ ಬಚ್ಚಲಿಗೆ ಕಳಿಸಿದಳು.

ಅಕ್ಕನಿಗೆ ಆ ಜಾಗ ಸಿಕ್ಕಿದ್ದು ಪುಕ್ಕಟೆಯಾಗಿ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಒಂಬತ್ತು ವರ್ಷದವಳಿದ್ದಾಗ ಎಂಜಿನ್ನಿನ ಹೊಟ್ಟೆಯೊಳಗೆ ಒಂದು ನಟ್ಟು ಬಿತ್ತಂತೆ. ಅಪ್ಪನ ಕೈ ಹೋಗಲಿಲ್ಲ, ಅವಳದು ಹೋಯಿತು. ಅಷ್ಟೇ. ಆಗ ನನ್ನ ಕೈ ಇನ್ನೂ ಸಣ್ಣದಿತ್ತು, ನನ್ನನ್ನು ಯಾರೂ ಕರೆಯಲಿಲ್ಲ. ಅಲ್ಲಿಂದ ಆರು ವರ್ಷ ಅವಳು ಆ ಪೆಟ್ಟಿಗೆ ಬಿಡಲಿಲ್ಲ. ಕಣ್ಣು ಮುಚ್ಚಿ ಬೋಲ್ಟಿನ ಥ್ರೆಡ್ಡಿನ ಹಲ್ಲು ಮುಟ್ಟಿ ಇದು ಯಾವ ಅಳತೆಯದು ಅನ್ನುತ್ತಿದ್ದಳು, ಸರಿ ಇರುತ್ತಿತ್ತು. ನಾನೇನು ಸುಮ್ಮನೆ ಕೂರಲಿಲ್ಲ. ಪೆಟ್ಟಿಗೆಗೆ ಗ್ರೀಸು ಸವರಿದೆ. ಅವಳ ಜಡೆಯನ್ನು ವೈಸಿನ ಹಿಡಿಗೆ ಕಟ್ಟಿದೆ. ಕೈ ಒರೆಸುವ ಬಟ್ಟೆಗೆ ಖಾರದಪುಡಿ ಹಾಕಿದೆ; ಅದನ್ನು ಅಪ್ಪ ಮೊದಲು ಮುಟ್ಟಿ ಕಣ್ಣು ಒರೆಸಿಕೊಂಡ. ಆ ದಿನ ನಾನು ಓಡಿದ ಓಟಕ್ಕೆ ಸೇತುವೆಯ ಮೇಲಿನ ಎತ್ತಿನಗಾಡಿಗಳೆಲ್ಲ ದಾರಿ ಬಿಟ್ಟವು.

ಆ ವರ್ಷ ಹೊಳೆಯ ಆಳ ಅಳೆಯಲು ಒಬ್ಬ ಎಂಜಿನಿಯರ್ ಸಾಹೇಬರು ಮೋಟಾರ್ ದೋಣಿ ತಂದಿದ್ದರು. ಅದರ ಡ್ರೈವರ್ ಖಾದರ್ ಸಾಬರು ದೋಣಿಯನ್ನು ಬಂಡೆಗೆ ಹೊಡೆಸಿದರು. ದೋಣಿಯ ಮೋಟಾರಿಗೆ ಒಂದು ಕಾಲಿರುತ್ತದೆ, ಅಲ್ಯುಮಿನಿಯಮ್ಮಿನ ಪೆಟ್ಟಿಗೆ. ಅದು ನೀರಿನೊಳಗೆ ಇಳಿದಿರುತ್ತದೆ, ಒಳಗೆ ಗೇರು, ತುದಿಗೆ ತಿರುಗುವ ರೆಕ್ಕೆ. ಆ ಕಾಲನ್ನು ಮೇಲಿನ ಭಾಗಕ್ಕೆ ನಾಲ್ಕು ಉಕ್ಕಿನ ಸ್ಟಡ್ಡು, ಅಂದರೆ ಥ್ರೆಡ್ಡಿನ ಸರಳು, ಬಿಗಿದಿರುತ್ತವೆ. ಮೂರು ಸುಸೂತ್ರ ಬಿಚ್ಚಿದವು. ನಾಲ್ಕನೆಯದು ತಲೆ ಮುರಿದುಕೊಂಡು ಪೆಟ್ಟಿಗೆಯ ಮಟ್ಟಕ್ಕೆ ಒಳಗೇ ಕೂತುಬಿಟ್ಟಿತ್ತು. ಹಿಡಿಯಲು ಒಂದು ಕೂದಲಷ್ಟೂ ಹೊರಗಿಲ್ಲ. ಖಾದರ್ ಸಾಬರು ಆ ಕಾಲನ್ನು ಗೋಣಿಚೀಲದಲ್ಲಿ ಸುತ್ತಿ, ಕಾಯಿಲೆಯ ಕೂಸನ್ನು ತಂದ ಹಾಗೆ ಎದೆಗವಚಿಕೊಂಡು ತಂದರು.

“ಸಿದ್ದಪ್ಪಣ್ಣ, ಇದು ಒಡೀತು ಅಂದ್ರೆ ಹೊಸದು ಹಡಗಿನಾಗೇ ಬರ್ಬೇಕಂತೆ. ಸಾಹೇಬ್ರು ಆಳ ಅಳೆಯಾಕೆ ನನ್ನನ್ನೇ ಹೊಳೇಗೆ ಇಳಿಸ್ತಾರೆ. ಜರಾ ನೋಡ್ರಿ.”

“ಇಷ್ಟಕ್ಕೆ ಯಾಕ ಹೆದರ್ತೀರಿ ಸಾಬ್ರೆ? ನಾಡಿದ್ದು ಬರ್ರಿ, ತಗದಿಟ್ಟಿರ್ತೀನಿ,” ಎಂದ ಅಪ್ಪ.

ನಾಡಿದ್ದು ಹೋಗಿ ಹನ್ನೆರಡು ದಿನವಾಯಿತು. ಅಪ್ಪ ಗೇರುಗಳನ್ನೆಲ್ಲ ತೆಗೆದಿಟ್ಟು ಖಾಲಿ ಅಲ್ಯುಮಿನಿಯಂ ಪೆಟ್ಟಿಗೆಯನ್ನು ವೈಸಿಗೆ ಕಟ್ಟಿದ. ಸಂಜೆ ಸಂಜೆ ಸ್ಟಡ್ಡಿನ ಸುತ್ತ ಚಿಮಣಿ ಎಣ್ಣೆ ಬಿಟ್ಟು, ಚಿಂದಿ ಮುಚ್ಚಿ, ಬೆಳಗ್ಗೆ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಿದ್ದ. ತುಕ್ಕು ಬಿಡಬೇಕು, ಬಿಡಲಿಲ್ಲ. ಗಿರಿಜಕ್ಕ ಕೈಡ್ರಿಲ್ಲಿನಿಂದ ಸ್ಟಡ್ಡಿನ ನಟ್ಟನಡುವೆ ಸಣ್ಣ ತೂತು ಕೊರೆದಳು. ಒಂದು ಕೂದಲು ಆಚೆ ಸರಿದರೆ ಮೆತ್ತಗಿನ ಅಲ್ಯುಮಿನಿಯಂ ಹರಿದು ಪೆಟ್ಟಿಗೆಯೇ ಹಾಳು. ಎರಡು ದಿನ ಕೊರೆದಳು, ನಾನು ಎರಡೂ ದಿನ ಆ ಕೂದಲಿಗಾಗಿ ಕಾದೆ, ಸರಿಯಲಿಲ್ಲ. ಆ ತೂತಿಗೆ ಅಪ್ಪ ಚೌಕದ ಉಕ್ಕಿನ ತುಂಡು ಹೊಡೆದು, ಅದಕ್ಕೆ ಪಾನಾ ಹಾಕಿ ತಿರುಗಿಸಿದ. ಉಕ್ಕು ‘ಟಿಣ್’ ಅಂದಿತು. ಅಪ್ಪ ಕೂಡಲೇ ಕೈ ಬಿಟ್ಟ. ಇನ್ನೊಂದಿಷ್ಟು ಒತ್ತಿದರೆ ಆ ತುಂಡೂ ಒಳಗೇ ಮುರಿದು, ಡ್ರಿಲ್ಲಿಗೂ ಜಗ್ಗದ ಹಾಗೆ ಕೂತುಬಿಡುತ್ತಿತ್ತು.

ದಿನದಿಂದ ದಿನಕ್ಕೆ ಸ್ಟಡ್ಡು ಸಡಿಲವಾಗುವ ಬದಲು ಬಿಗಿಯಾಗುತ್ತಿದೆ ಅಂತ ಅಪ್ಪನಿಗೆ ಅನ್ನಿಸತೊಡಗಿತು. ಅದು ನಿಜವೇ ಆಗಿತ್ತು. ಯಾಕೆ ಅಂತ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಅಜ್ಜಿ, ಇನ್ನೊಬ್ಬ ನಾನು. ಅಜ್ಜಿ ಅಂದರೆ ಅಪ್ಪನ ಅವ್ವ. ಅವಳ ಲೆಕ್ಕದಲ್ಲಿ ದೋಣಿ ಗಂಗಮ್ಮನ ಸೊತ್ತು. ಹೊಳೆಯ ಸಾಮಾನು ಮನೆಯೊಳಗೆ ಬಂದು ಒಣಗಬಾರದು, ಒಣಗಿದರೆ ಗಂಗಮ್ಮ ಮುನಿಯುತ್ತಾಳೆ. ಅದಕ್ಕೇ ಬೆಳಿಗ್ಗೆ ಅಪ್ಪ ಹೊಳೆಗೆ ಸ್ನಾನಕ್ಕೆ ಹೋದ ಕೂಡಲೇ ಅಜ್ಜಿ ಮಡಿಯಲ್ಲಿ ಬಂದು, ಚಿಂದಿ ತೆಗೆದು, ಆ ಅಲ್ಯುಮಿನಿಯಂ ಕಾಲಿಗೆ ಅರಿಸಿನದ ನೀರು ಎರೆಯುತ್ತಿದ್ದಳು. ಬಂಡೆಗೆ ಬಡಿದದ್ದು ಯಾರದೋ ಕೆಟ್ಟ ಕಣ್ಣಿನಿಂದ ಅಂತ ಆ ನೀರಿಗೆ ದೃಷ್ಟಿಯ ಉಪ್ಪು ಬೇರೆ, ಒಂದು ಹಿಡಿ. ವಿಭೂತಿ ಹಚ್ಚಿ, ಹೂವು ಇಟ್ಟು, ಕೈಮುಗಿದು, ಅಪ್ಪ ಬರುವುದರೊಳಗೆ ಹೂವು ವಿಭೂತಿ ಒರೆಸಿ ಚಿಂದಿ ಮತ್ತೆ ಮುಚ್ಚುತ್ತಿದ್ದಳು. ಮೂರನೆಯ ದಿನವೇ ನನ್ನ ಕಣ್ಣಿಗೆ ಬಿದ್ದಳು.

“ನಿಮ್ಮಪ್ಪಗ ಹೇಳ್ಬ್ಯಾಡ ಲೇ ಚನ್ನ. ಅವನಿಗೆ ದೇವ್ರು ಅಂದ್ರೆ ಸ್ಪ್ಯಾನರ್ ಒಂದೇ. ತಗಾ, ಕೊಬ್ರಿ ಬೆಲ್ಲ.”

“ದಿನಾ ಕೊಡ್ತೀಯಾ?”

“ದಿನಾ ಎರೀತೀನಿ, ದಿನಾ ಕೊಡ್ತೀನಿ.”

ಹೀಗೆ ಅಪ್ಪ ಸಂಜೆ ಎಣ್ಣೆ ಕುಡಿಸುವುದು, ಅಜ್ಜಿ ಬೆಳಿಗ್ಗೆ ಉಪ್ಪುನೀರು ಕುಡಿಸುವುದು, ನಾನು ಕೊಬ್ಬರಿ ಬೆಲ್ಲ ತಿನ್ನುವುದು. ಮೂವರೂ ನಿಷ್ಠೆಯಿಂದ ನಡೆಸಿಕೊಂಡು ಬಂದೆವು. ಸ್ಟಡ್ಡಿನ ಸುತ್ತ ಉಪ್ಪಿನಂಥ ಬಿಳಿ ಪುಡಿ ಎದ್ದು ಅದನ್ನು ಇನ್ನಷ್ಟು ಕಚ್ಚಿ ಹಿಡಿಯತೊಡಗಿತು. ಅದನ್ನು ಮೊದಲು ಕಂಡವಳು ಗಿರಿಜಕ್ಕ.

“ಅಪ್ಪಾ, ಅಲ್ಯುಮಿನಿಯಂ ಪುಡಿ ಪುಡಿ ಆಗ್ತೈತೆ ನೋಡು. ನೀರು ಬಿದ್ದಂಗೆ ಐತೆ.”

“ನೀರು ಎಲ್ಲಿಂದ ಬರ್ತೈತೆ? ನೀನು ಚಿಂದಿ ಸರಿಯಾಗಿ ಮುಚ್ತಿಲ್ಲ. ಮೈಮ್ಯಾಲೆ ಗ್ಯಾನ ಇಟ್ಟು ಮಾಡು!”

ಆರು ವರ್ಷದಲ್ಲಿ ಅಪ್ಪ ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಕ್ಕ ತಲೆ ತಗ್ಗಿಸಿ ಚಿಂದಿ ಮಡಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಿಸಿದಳು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಆ ಮಧ್ಯಾಹ್ನ ಎಂದಿಗಿಂತ ಮೂರು ರೊಟ್ಟಿ ಹೆಚ್ಚು ತಿಂದೆ. ಅವ್ವ “ಹುಡುಗ ಬೆಳೀತಿದಾನೆ” ಎಂದು ಸಂತೋಷಪಟ್ಟಳು. ಬೆಳೆಯುತ್ತಿದ್ದದ್ದು ಏನು ಅಂತ ಅವಳಿಗೇನು ಗೊತ್ತು?

ಅಮಾವಾಸ್ಯೆ ಬಂತು. ಆ ದಿನ ವರ್ಕ್‌ಶಾಪಿಗೆ ಬೀಗ, ಹತಾರುಗಳಿಗೆ ಪೂಜೆ, ಮನೆಯಲ್ಲಿ ಹೋಳಿಗೆ. ಸುತ್ತಿಗೆ, ಪಾನಾ, ಕೈಡ್ರಿಲ್ಲು ಎಲ್ಲ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಸಾಲಾಗಿ ಕೂತಿದ್ದವು. ನಮ್ಮ ಮನೆಯಲ್ಲಿ ಅಷ್ಟು ಶಿಸ್ತಾಗಿ ಕೂತ ಮಕ್ಕಳು ಬೇರೆ ಇರಲಿಲ್ಲ. ಊಟಕ್ಕೆ ಕೂತಾಗ ಅವ್ವ ಬಹಳ ದಿನದಿಂದ ಒಳಗೆ ಇಟ್ಟುಕೊಂಡಿದ್ದ ಮಾತನ್ನು ಹೋಳಿಗೆಯ ಜೊತೆಗೇ ಬಡಿಸಿದಳು. ಗಿರಿಜಕ್ಕ ದೊಡ್ಡವಳಾಗಿ ವರ್ಷವಾಗಿತ್ತು.

“ಏನ್ರಿ, ಗಂಡಸ್ರೆಲ್ಲ ಬಂದು ಹೋಗೋ ಜಾಗದಾಗೆ ಈ ಹುಡುಗಿ ಎಷ್ಟು ದಿನ ಅಂತ ಎಣ್ಣೆ ಬಳ್ಕಂಡು ಕೂಡ್ಬೇಕು? ನಾಳೆ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ? ನಮ್ಮ ಹುಡುಗಿ ಚಲೋ ಪಂಪು ಬಿಚ್ತಾಳೆ ಅಂತಾನಾ?”

“ಬಿಚ್ಚೋದಷ್ಟೇ ಅಲ್ಲ, ಜೋಡಿಸ್ತಾಳೆ ಸೈತ,” ಎಂದ ಅಪ್ಪ, ನಗಿಸಲು. ಯಾರೂ ನಗಲಿಲ್ಲ.

“ಸಿದ್ದಾ, ಸೊಸೆ ಸರಿ ಹೇಳ್ತಾಳೆ,” ಅಂದಳು ಅಜ್ಜಿ.

ಅತ್ತೆ ಸೊಸೆ ಒಂದೇ ಮಾತು ಆಡಿದ್ದು ಆ ಮನೆಯಲ್ಲಿ ಅಪರೂಪ. ಅಪ್ಪ ಹೋಳಿಗೆ ಮುರಿಯುವುದನ್ನು ಬಿಟ್ಟ. ಅಕ್ಕ ತಟ್ಟೆಯಿಂದ ಕಣ್ಣೆತ್ತದೆ ಕೂತಿದ್ದಳು. ಅಪ್ಪ ತಟ್ಟೆ ಸರಿಸಿ ಹೇಳಿದ:

“ಈ ದೋಣಿ ಕೆಲ್ಸ ಒಂದು ಮುಗೀಲಿ. ಆಮೇಲೆ ಒಳಗೆ ಬರ್ತಾಳೆ. ಆ ಜಾಗಕ್ಕೆ ಚನ್ನ ಕೂತ್ಕಂತಾನೆ.”

ಆ ಹೋಳಿಗೆಯ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ಆದರೆ ಅರ್ಧ ತಿನ್ನುವಷ್ಟರಲ್ಲಿ ತಲೆಗೆ ಹೊಳೆಯಿತು: ಸ್ಟಡ್ಡು ಬರುವ ತನಕ ಅಕ್ಕ ಅಲ್ಲೇ. ಸ್ಟಡ್ಡು ಬಾರದ ಹಾಗೆ ನೋಡಿಕೊಳ್ಳುತ್ತಿರುವವನು ನಾನೇ! ಒಂದೇ ಕ್ಷಣದಲ್ಲಿ ನನ್ನ ನಿಷ್ಠೆ ಬದಲಾಯಿತು. ಮಾರನೆಯ ದಿನದಿಂದ ನೋಡುತ್ತೇನೆ, ಅಕ್ಕನದೂ ಬದಲಾಗಿದೆ. ಹಗಲಿಡೀ ಆ ಸ್ಟಡ್ಡಿನ ಜೊತೆ ಗುದ್ದಾಡುತ್ತಿದ್ದವಳು ಈಗ ಬೆಳಿಗ್ಗೆಯೆಲ್ಲ ಡ್ರಿಲ್ಲಿನ ಮೊನೆ ಮಸೆಯುತ್ತಾಳೆ, ಮಧ್ಯಾಹ್ನವೆಲ್ಲ ಚಿಂದಿ ಆರಿಸುತ್ತಾಳೆ. ಅವಸರವೇ ಇಲ್ಲ. ಅದು ಒಳಗೇ ಇರಲಿ ಅಂತ ಅವಳು, ಹೊರಗೆ ಬರಲಿ ಅಂತ ನಾನು. ಹೊರಗಿನಿಂದ ನೋಡಿದವರಿಗೆ, ಆಹಾ, ಈ ಹುಡುಗನಿಗೆ ಅಪ್ಪನ ಕೆಲಸದ ಮೇಲೆ ಎಷ್ಟು ಕಾಳಜಿ ಅನ್ನಿಸಿರಬೇಕು.

ನಾನು ಅಜ್ಜಿಯನ್ನು ಹಿಡಿದುಕೊಟ್ಟೆ. ಅಪ್ಪ ಸ್ನಾನಕ್ಕೆ ಹೊರಟವನನ್ನು ಓಣಿಯ ತಿರುವಿನಲ್ಲಿ ನಿಲ್ಲಿಸಿ, ಒಂದು ತಮಾಷೆ ತೋರಿಸ್ತೀನಿ ಬಾ ಅಂತ ವಾಪಸು ಕರೆತಂದೆ. ಅಜ್ಜಿ ಚೊಂಬು ಎತ್ತಿ ಹಿಡಿದಿದ್ದಳು, ನೀರು ಧಾರೆಯಾಗಿ ಸ್ಟಡ್ಡಿನ ಮೇಲೆ ಬೀಳುತ್ತಿತ್ತು. ಅಪ್ಪನ ಹೆಗಲ ಮೇಲಿನ ಟವಲು ಕೆಳಗೆ ಬಿತ್ತು.

“ಅವ್ವಾ, ಏನಿದು?”

“ಏನಿದು ಅಂದ್ರೆ? ಗಂಗಮ್ಮನ ಸಾಮಾನಿಗೆ ನೀರು. ನೀನು ಹದಿನೈದು ದಿನದಿಂದ ಚಿಮಣಿ ಎಣ್ಣೆ ಕುಡಿಸ್ತೀಯಲ್ಲ, ಅದಕ್ಕೆ ಬಾಯಾರಿಕಿ ಆಗಲ್ಲೇನೋ?”

ಅಪ್ಪ ಆ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಉಪ್ಪು. ಹೆತ್ತವಳಿಗೆ ಏನು ಹೇಳಲಿಕ್ಕಾಗುತ್ತದೆ? ಅವನು ನನ್ನ ಕಡೆ ತಿರುಗಿದ.

“ನಿನಗೆ ಯಾವತ್ತಿಂದ ಗೊತ್ತು?”

“ಇವತ್ತೇ ನೋಡಿದ್ದು, ಅಪ್ಪಾ.”

“ಸುಳ್ಳು!” ಅಂದಳು ಅಜ್ಜಿ. “ಹದಿಮೂರು ದಿನದ ಕೊಬ್ರಿ ಬೆಲ್ಲ ತಿಂದಾನೆ ನನ್ನ ಕೈಯಿಂದ!”

ಬಿದ್ದ ಏಟಿನ ವಿವರ ಬೇಡ. ಕೆನ್ನೆ ಎರಡು ದಿನ ಹೋಳಿಗೆಯ ಹಾಗಿತ್ತು. ಅಪ್ಪ ಅಕ್ಕನ ಹತ್ತಿರ ಹೋಗಿ ನಿಂತ. “ನೀರು ಬಿದ್ದೈತೆ ಅಂತ ಹೇಳಿದ್ದೆ ನೀನು,” ಎಂದ, ಅಷ್ಟೇ. ಅವಳು ಹೂಂ ಅಂದಳು. ನನಗೆ ಏಟು ಅಷ್ಟು ಉರಿಯಲಿಲ್ಲ, ಆ ಹೂಂ ಉರಿಯಿತು.

ಈಗ ಉಳಿದದ್ದು ಬೆಂಕಿ ಒಂದೇ. ಅಲ್ಯುಮಿನಿಯಂ ಕಾದರೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಸ್ಟಡ್ಡು ಸಡಿಲಾಗುತ್ತದೆ. ಆದರೆ ಅಪ್ಪನಿಗೆ ಜ್ವಾಲೆ ಉಗುಳುವ ಬ್ಲೋಲ್ಯಾಂಪು ಹಚ್ಚಲು ಧೈರ್ಯವಿರಲಿಲ್ಲ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರ ಹೇಳುತ್ತದೆ. ಅಲ್ಯುಮಿನಿಯಂ ಹಾಗಲ್ಲ, ಬೆಳ್ಳಗೆ ಕೂತಿದ್ದು ಗಳಕ್ಕನೆ ಗಂಜಿಯಾಗಿ ಸುರಿದುಬಿಡುತ್ತದೆ. ಹಿಂದೊಮ್ಮೆ ಯಾರದೋ ಪಂಪಿನ ಮುಚ್ಚಳವನ್ನು ಅಪ್ಪ ಹಾಗೆ ಸುರಿಸಿದ್ದ. ಒಂದೇ ಕಡೆ ಜ್ವಾಲೆ ತಾಗದೆ, ಇಡೀ ಪೆಟ್ಟಿಗೆ ಒಂದೇ ಸಮ, ಹದವಾಗಿ ಕಾಯಬೇಕು. ಹೇಗೆ? ಅಪ್ಪ ಗಲ್ಲಕ್ಕೆ ಕೈ ಕೊಟ್ಟು ಕೂತ.

ಇಲ್ಲಿ ಓದುಗರು ದಯವಿಟ್ಟು ನೆಟ್ಟಗೆ ಕೂರಬೇಕು, ಯಾಕೆಂದರೆ ಈ ವಿಚಾರ ಹೊಳೆದದ್ದು ನನಗೆ. ಯಾರು ಏನೇ ಹೇಳಲಿ, ನನಗೇ. ದಾವಣಗೆರೆಯಲ್ಲಿ ಅವ್ವನ ತಮ್ಮ, ನಮ್ಮ ರುದ್ರಮಾವ, ಮಂಡಕ್ಕಿ ಭಟ್ಟಿ ಇಟ್ಟಿದ್ದ. ದೊಡ್ಡ ಬಾಣಲೆಯಲ್ಲಿ ಮರಳು ಕಾಯುತ್ತಿರುತ್ತದೆ, ಅದಕ್ಕೆ ಅಕ್ಕಿ ಎರಚಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅರಳಿ ಮಂಡಕ್ಕಿಯಾಗುತ್ತದೆ. ಸುತ್ತಲೂ ಒಂದೇ ಬಿಸಿ, ಇಲ್ಲದಿದ್ದರೆ ಅರ್ಧ ಅಕ್ಕಿ ಅರಳಿ ಅರ್ಧ ಸೀದುಹೋಗುತ್ತಿತ್ತು.

“ಅಪ್ಪಾ, ಇದನ್ನ ರುದ್ರಮಾವನ ಮರಳಿನಾಗೆ ಹೂತಿಟ್ರೆ ಹೆಂಗೆ?”

ಅಪ್ಪ ತಲೆ ಎತ್ತಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ಪೂರ್ತಿಯಾಗಿ, ಕಾಲಿಂದ ತಲೆಯವರೆಗೆ ನೋಡಿದ. ನಾನು ಎದೆ ಉಬ್ಬಿಸಿದೆ. ಆಮೇಲೆ ಆ ಮಹರಾಯ ಏನು ಮಾಡಿದ ಗೊತ್ತೇ? ಎಡಕ್ಕೆ ತಿರುಗಿದ.

“ಗಿರಿಜಾ, ಏನಂತೀ?”

ನನ್ನ ವಿಚಾರಕ್ಕೆ ಅವಳ ಒಪ್ಪಿಗೆ! ಅಕ್ಕ ಪೆಟ್ಟಿಗೆಯ ಮೇಲೆ ಕೂತು ಆ ಸ್ಟಡ್ಡನ್ನು ನೋಡಿದಳು. ಆಗಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಅವಳ ಮಾತು ಮೀರುತ್ತಿರಲಿಲ್ಲ, ಅವಳ ಜಾಗ ಅವಳಿಗೇ ಇರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಬೆರಳಿನಿಂದ ಸ್ಟಡ್ಡಿನ ಸುತ್ತ ಒಂದು ಸುತ್ತು ಸವರಿದಳು.

“ಆಗ್ತೈತೆ,” ಅಂದಳು. “ಬಿಸಿ ಇದ್ದಾಗ ಮೇಣ ಮುಟ್ಟಿಸ್ಬೇಕು. ಕರಗಿ ಸಂದಿಗೆ ಇಳೀತೈತೆ.”

ಮಾರನೆಯ ಬೆಳಿಗ್ಗೆ ಅಪ್ಪ, ಅಕ್ಕ, ನಾನು, ಖಾದರ್ ಸಾಬರು ರೈಲಿನಲ್ಲಿ ದಾವಣಗೆರೆಗೆ ಹೊರಟೆವು. ಚೀಲ ಹೊರುವ ಹಕ್ಕು ನನ್ನದು ಅಂತ ಜಗಳ ಮಾಡಿ ಗೆದ್ದೆ; ಸ್ಟೇಷನ್ನಿನಿಂದ ಭಟ್ಟಿಗೆ ಹೋಗುವಷ್ಟರಲ್ಲಿ ಹೆಗಲು ಬಿದ್ದುಹೋಗಿತ್ತು. ಭಟ್ಟಿಯ ಓಣಿಯಲ್ಲಿ ಭತ್ತದ ಹೊಟ್ಟಿನ ಹೊಗೆ, ಗೋಡೆಗಳೆಲ್ಲ ಕರಿ, ಜನರ ಹುಬ್ಬೆಲ್ಲ ಬಿಳಿ. ರುದ್ರಮಾವ ಅಕ್ಕಭಾವನ ಮನೆಯವರು ಬಂದರು ಅಂತ ಹಿಗ್ಗಿ, ಚೀಲದಲ್ಲಿ ಏನಿದೆ ಅಂತ ನೋಡಿ ಸೊರಗಿದ.

“ಭಾವಾ, ಚಿಮಣಿ ಎಣ್ಣೆ ನಾತ ಹೊಡೀತೈತಲ್ಲ ಇದು! ನಾಳೆ ದಾವಣಗೆರೆ ಮಂದಿ ಮಂಡಕ್ಕಿ ತಿಂದು ತೇಗಿದ್ರೆ ಬಾಯಾಗ ಬೆಂಕಿ ಹತ್ತಬೇಕೇನು?”

“ಎಸೆಯೋ ಮರಳು ಇರ್ತೈತಲ್ಲೋ, ಅದರಾಗೆ ಇಡು. ಬೇಕಾದ್ರೆ ಸೋಡಾದಾಗೆ ತೊಳ್ಕೊಡ್ತೀನಿ.”

“ರುದ್ರಪ್ಪಣ್ಣ, ನನ್ನ ನೌಕರಿ ಹುರೀರಿ ಒಂದಿಷ್ಟು,” ಅಂದರು ಖಾದರ್ ಸಾಬರು ಕೈಮುಗಿದು. “ಮೇಹರಬಾನಿ ಆಗ್ತೈತೆ.”

ಅಕ್ಕ ಅದನ್ನು ಸೋಡಾಪುಡಿಯ ಬಿಸಿನೀರಿನಲ್ಲಿ ಮೂರು ಸಲ ತಿಕ್ಕಿ ತೊಳೆದು, ತೇವ ಆರುವವರೆಗೆ ಒಲೆಯ ಪಕ್ಕ ಇಟ್ಟಳು. ಮಾವ ಹಳೆಯ ಮರಳಿನ ಬಾಣಲೆಗೆ ಅದನ್ನು ಇಳಿಸಿ ಕುತ್ತಿಗೆಮಟ್ಟ ಹೂತ. ಸ್ಟಡ್ಡಿನ ಬಾಯಿ ಮಾತ್ರ ಮೇಲೆ. ಹೊಟ್ಟು ಎರಚಿ ಬೆಂಕಿ ಏರಿಸಿದ. ಎಷ್ಟು ಕಾಯಿತು ಅಂತ ತಿಳಿಯುವುದು ಹೇಗೆ ಅಂತ ಅಪ್ಪ ಕೇಳಿದ್ದಕ್ಕೆ ಮಾವ ಒಂದು ಚಿಟಿಕೆ ಅಕ್ಕಿ ಪೆಟ್ಟಿಗೆಯ ಮೇಲೇ ಉದುರಿಸಿದ. ಅಕ್ಕಿ ಹಾಗೇ ಕೂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಚಿಟಿಕೆ, ಕಂದಿತು, ಅರಳಲಿಲ್ಲ. ಜರಡಿ ಹಿಡಿದ ಹೆಂಗಸರು ಕೆಲಸ ಬಿಟ್ಟು ಸುತ್ತ ನೆರೆದರು. ನಾಲ್ಕನೆಯ ಚಿಟಿಕೆಗೆ ಅಲ್ಯುಮಿನಿಯಮ್ಮಿನ ಮೇಲೆ ಅಕ್ಕಿ ಚಟಚಟ ಅರಳಿ ಹಾರಿತು.

“ಹಾಂ! ಬೆಂತು ನಿಮ್ಮ ದೋಣಿ. ತಗೀರಿ!”

ಗೋಣಿಯಲ್ಲಿ ಹಿಡಿದು ಎತ್ತಿ ಕಲ್ಲಿನ ಮೇಲೆ ಇಟ್ಟು, ಅಪ್ಪನೂ ಖಾದರ್ ಸಾಬರೂ ಎರಡು ಕಡೆ ಅದುಮಿ ಹಿಡಿದರು. ಅಕ್ಕ ಮೇಣದಬತ್ತಿಯ ತುಂಡನ್ನು ಸ್ಟಡ್ಡಿಗೆ ಮುಟ್ಟಿಸಿದಳು. ಮೇಣ ಕರಗಿ ಸುತ್ತ ನಿಂತಿತು, ಆಮೇಲೆ ಯಾರೋ ಒಳಗಿನಿಂದ ಹೀರಿದ ಹಾಗೆ ಮಾಯವಾಯಿತು. ಮತ್ತೆ ಮುಟ್ಟಿಸಿದಳು, ಮತ್ತೆ ಹೀರಿತು. ಚೌಕದ ತುಂಡಿಗೆ ಪಾನಾ ಹಾಕುವ ಹೊತ್ತು. ನಾನು ಮುಂದೆ ನುಗ್ಗಿದೆ.

“ನಾನು ತಿರುಗಿಸ್ತೀನಿ! ವಿಚಾರ ನಂದು!”

“ಹಿಂದೆ ಸರಿ. ಇದು ಬಲದ ಕೆಲ್ಸ ಅಲ್ಲ, ಕೈಗೆ ಕೇಳಿಸ್ಬೇಕು. ಗಿರಿಜಾ, ನೀನು ಹಿಡಿ.”

ಅಷ್ಟು ಜನರೆದುರು ಅಪ್ಪ ಹಾಗಂದ. ಅಕ್ಕ ಪಾನಾ ಹಿಡಿದಳು. ಅವಳ ಕೈಯ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಸುಮ್ಮನೆ ಒಂದು ಸಲ ಜೋರಾಗಿ ಎಳೆದರೆ ಸಾಕಿತ್ತು, ತುಂಡು ಮುರಿಯುತ್ತಿತ್ತು, ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಅವಳು ಇನ್ನೂ ಆರು ತಿಂಗಳು ವೈಸಿನ ಮುಂದೆ ಕೂರುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಮುರಿಯುತ್ತಿದ್ದೆ. ಅವಳು ಮೊದಲು ಬಿಗಿಯುವ ಕಡೆಗೇ ಒಂದಿಷ್ಟು ಒತ್ತಿದಳು. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿಯುವ ಕಡೆಗೆ. ‘ಕಿರ್ರ್’ ಅಂತು ಏನೋ. ಖಾದರ್ ಸಾಬರು “ಯಾ ಅಲ್ಲಾ” ಅಂತ ಕಣ್ಣು ಮುಚ್ಚಿದರು. ಅಕ್ಕನ ಮುಖ ಮಾತ್ರ ಬದಲಾಗಲಿಲ್ಲ. ಇನ್ನೂ ಕಾಲು ಸುತ್ತು, ಅರ್ಧ ಸುತ್ತು. ಬಿಳಿ ಪುಡಿ ಮೆತ್ತಿಕೊಂಡ ಸ್ಟಡ್ಡು ಹಲ್ಲು ಹಲ್ಲಾಗಿ ಮೇಲಕ್ಕೆ ಬಂತು. ಒಳಗಿನ ಥ್ರೆಡ್ಡು ಒಂದೂ ಹರಿದಿರಲಿಲ್ಲ.

ಹೆಂಗಸರು ಕೂಗಿದರು, ಮಾವ ಎಲ್ಲರಿಗೂ ಬಿಸಿ ಮಂಡಕ್ಕಿಗೆ ಖಾರ ಎಣ್ಣೆ ಕಲಸಲು ಹೇಳಿದ, ಖಾದರ್ ಸಾಬರು ಅಪ್ಪನನ್ನು ತಬ್ಬಿಕೊಂಡರು. ಅಕ್ಕ ಸ್ಟಡ್ಡನ್ನು ಇಕ್ಕಳದಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಕೈ ಹಿಡಿ ಚನ್ನ. ಇನ್ನು ನಿಂದೇ.”

ನಾನು ಹಿಡಿದೆ. ಇಕ್ಕಳ ಬಿಟ್ಟಳು. ಅಯ್ಯಯ್ಯೋ, ಅಕ್ಕಿ ಅರಳಿಸುವ ಬಿಸಿ ಇನ್ನೂ ಹಾಗೇ ಇತ್ತು! ನಾನು ಕುಣಿದ ಕುಣಿತಕ್ಕೆ ಭಟ್ಟಿಯ ಓಣಿಯೆಲ್ಲ ಹೊರಗೆ ಬಂತು. ಊರಿಗೆಲ್ಲ ಕೀಟಲೆ ಮಾಡಿದವನಿಗೆ ಜೀವಮಾನದಲ್ಲಿ ಒಬ್ಬಳೇ ಒಬ್ಬಳು ತಿರುಗಿ ಮಾಡಿದ್ದು ಅದು. ಅವಳು ನಗಲೂ ಇಲ್ಲ. ಬೊಬ್ಬೆ ಎದ್ದ ಅಂಗೈಗೆ ತಾನೇ ಎಣ್ಣೆ ಹಚ್ಚಿ, ರೈಲಿನಲ್ಲಿ ಹರಿಹರದವರೆಗೂ ಊದುತ್ತಾ ಬಂದಳು.

ಮಾರನೆಯ ದಿನವೇ ಅವಳು ಒಳಗೆ ಹೋದಳು. ನಾನು ಪೆಟ್ಟಿಗೆಯ ಮೇಲೆ ಕೂತೆ. ಏನು ಹೇಳಲಿ ಆ ಸುಖ! ಬೊಬ್ಬೆಯ ಕೈಯಲ್ಲೇ ಅಪ್ಪನ ಚಹಾದ ಉಳಿದರ್ಧ ಕುಡಿದೆ. ಮೂರು ದಿನ ರಾಜನ ಹಾಗಿದ್ದೆ. ನಾಲ್ಕನೆಯ ದಿನ ಅಪ್ಪ ಒಂದು ಪಂಪಿನ ಮುಚ್ಚಳಕ್ಕೆ ಬೋಲ್ಟು ಹಚ್ಚಲು ಕೊಟ್ಟು, ತಾನು ಆ ಕಡೆ ಅರ ಹಿಡಿದು ಏನೋ ಉಜ್ಜುತ್ತಿದ್ದ. ನಾನು ಬೋಲ್ಟು ಇಟ್ಟು ತಿರುಗಿಸಿದೆ. ಸ್ವಲ್ಪ ಬಿಗಿ ಅನ್ನಿಸಿತು. ಗಂಡಸು ಅಂದಮೇಲೆ ಬಿಗಿ ಬಂದರೆ ಬಿಡುವುದೇ? ಪಾನಾಕ್ಕೆ ಮೈಭಾರ ಕೊಟ್ಟೆ. ಅಡಿಗೆಮನೆಯಲ್ಲಿ ಟಪಟಪ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಚನ್ನಾ, ಬೋಲ್ಟು ಅಡ್ಡ ಹತ್ತೈತೆ. ಒತ್ತಬ್ಯಾಡ, ಥ್ರೆಡ್ ಹೋಗ್ತೈತೆ. ಬಿಚ್ಚಿ ಮತ್ತೆ ಹಚ್ಚು.”

ಗೋಡೆಯ ಆಚೆಯಿಂದ! ನನ್ನ ಪಕ್ಕದಲ್ಲೇ ಇದ್ದ ಅಪ್ಪನಿಗೆ ತಿಳಿದಿರಲಿಲ್ಲ, ಹಿಟ್ಟಿನ ಕೈಯಲ್ಲಿ ಕೂತವಳಿಗೆ ಸದ್ದಿನಲ್ಲೇ ತಿಳಿಯಿತು. ಅಪ್ಪ ಅರ ಕೆಳಗಿಟ್ಟ. ಬೋಲ್ಟು ನೋಡಿದ, ಗೋಡೆ ನೋಡಿದ. ಅವನ ಮುಖ ಹೇಗೆ ಅರಳಿತು ಅಂದರೆ, ಭಟ್ಟಿಯಲ್ಲಿ ಸ್ಟಡ್ಡು ಬಂದಾಗಲೂ ಹಾಗೆ ಅರಳಿರಲಿಲ್ಲ.

“ಕೇಳಿಸ್ತಲ್ಲ? ಬಿಚ್ಚು,” ಎಂದ ನನಗೆ. ಆಮೇಲೆ ದನಿ ಎತ್ತಿ, ಗೋಡೆಯ ಕಡೆಗೆ: “ಗಿರಿಜಾ! ಬೆಳಿಗ್ಗೆ ಓಡಿಸಿದ್ನಲ್ಲ ಆ ಎಂಜಿನ್ನು, ಅದರ ಸದ್ದು ಕೇಳಿದ್ಯಾ? ಏನಾಗೈತೆ ಅಂತೀ ಅದಕ್ಕೆ?”

“ಅದರ ಬೇರಿಂಗ್ ಹೋಗೈತಪ್ಪಾ. ನೀನ್ಯಾಕ ಇಷ್ಟು ತಡ ಮಾಡ್ದೆ ಕೇಳಾಕೆ?”

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಅವಳ ಮದುವೆಯಾಗುವವರೆಗೆ, ಮೂರು ವರ್ಷ, ಅಪ್ಪ ಮಗಳು ಹೀಗೆ ಗೋಡೆಯ ಎರಡು ಕಡೆ ಕೂತು ಮಾತಾಡಿದರು. ನಡುವೆ ಪೆಟ್ಟಿಗೆಯ ಮೇಲೆ ನಾನು.

ಆಮೇಲಿನ ಐವತ್ತು ವರ್ಷದಲ್ಲಿ ನಾನು ದಾವಣಗೆರೆಯಲ್ಲಿ ಸ್ವಂತ ವರ್ಕ್‌ಶಾಪು ಹಾಕಿದೆ, ಈ ಕಡೆಯ ಅರ್ಧ ಪಂಪುಗಳನ್ನು ನಾನೇ ಬದುಕಿಸಿದೆ, ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ನನ್ನಷ್ಟು ಚಲೋ ಮೆಕ್ಯಾನಿಕ್ ಇಲ್ಲ ಅಂತ ಜನ ಅನ್ನುತ್ತಾರೆ; ಅನ್ನದವರಿಗೆ ನಾನೇ ಹೇಳುತ್ತೇನೆ. ಅಕ್ಕ ಶಾಮನೂರಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ಕಿವಿ ಪೂರ್ತಿ ಮಂದವಾಗಿದೆ, ಕೂಗಿದರೂ ಕೇಳಿಸುವುದಿಲ್ಲ ಅಂತ ಅವಳ ಸೊಸೆ ಹೇಳುತ್ತಾಳೆ. ನಾನು ನಂಬಿಲ್ಲ. ಹಬ್ಬಕ್ಕೆ ಅವರ ಮನೆಗೆ ಹೋದಾಗ ಬಚ್ಚಲ ನಲ್ಲಿಯೋ ಪಂಪೋ ಕೆಟ್ಟಿದ್ದರೆ ನಾನೇ ಸರಿ ಮಾಡುತ್ತೇನೆ. ಬೋಲ್ಟು ಹಚ್ಚುವಾಗ ಮಾತ್ರ, ಸದ್ದಾಗದ ಹಾಗೆ ಹಚ್ಚುತ್ತೇನೆ.